ಉರಿಮೂತ್ರಕ್ಕೆ ನೆಗ್ಗಿಲು, ಬಾರ್ಲಿ, ಕ್ರ್ಯಾನ್‌ಬೆರಿ: ಯಾವುದರಲ್ಲಿ ಏನಿದೆ, ಅದು ಮೂತ್ರದವರೆಗೆ ಹೋಗುತ್ತದಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಒಂದು ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕು ಆಯಿತು. ಪ್ರತಿ ಸಲವೂ ಆಂಟಿಬಯಾಟಿಕ್ ತಗೊಂಡು ಸಾಕಾಗಿದೆ. ನಮ್ಮ ಅತ್ತೆ ಬಾರ್ಲಿ ನೀರು, ಕೊತ್ತಂಬರಿ ಬೀಜದ ನೀರು, ನೆಗ್ಗಿಲು ಮುಳ್ಳಿನ ಕಷಾಯ ಕುಡಿ ಅಂತಾರೆ. ಮೆಡಿಕಲ್ ಶಾಪ್‌ನವರು ಕ್ರ್ಯಾನ್‌ಬೆರಿ ಮತ್ತು ಡಿ-ಮ್ಯಾನೋಸ್ ಇರುವ ಪುಡಿ ಕೊಟ್ಟಿದ್ದಾರೆ. ಇವುಗಳಲ್ಲಿ ನಿಜವಾಗಿ ಏನಿರುತ್ತದೆ? ಆಂಟಿಬಯಾಟಿಕ್ ಬಿಟ್ಟು ಇವನ್ನೇ ನಂಬಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಸೋಂಕು ಬಂದಾಗ ಆಂಟಿಬಯಾಟಿಕ್ ಬದಲಿಗೆ ನಂಬಿ ಕೂರಬಹುದಾದ ಗಿಡಮೂಲಿಕೆ ಇವತ್ತಿಗೆ ಯಾವುದೂ ಇಲ್ಲ. ಪದೇ ಪದೇ ಬರದ ಹಾಗೆ ತಡೆಯಲು ಒಂದೆರಡು ಇವೆ. ಅವುಗಳಲ್ಲಿ ಕ್ರ್ಯಾನ್‌ಬೆರಿಗೆ ಪುರಾವೆ ಜಾಸ್ತಿ. ನಿಮ್ಮ ಅತ್ತೆಯವರ ಬಾರ್ಲಿ ನೀರಿನಿಂದಲೂ ಉಪಯೋಗ ಇದೆ, ಅದರ ಬಹುಪಾಲು ನೀರಿನದ್ದು.

ನಾನು ವೈದ್ಯೆ ಅಲ್ಲ. ಫಾರ್ಮಸಿ ಕಾಲೇಜಿನಲ್ಲಿ ಗಿಡಮೂಲಿಕೆಗಳ ರಸಾಯನಶಾಸ್ತ್ರ ಕಲಿಸುತ್ತೇನೆ. ಹಾಗಾಗಿ ನಿಮ್ಮ ಮಾತ್ರೆಗಳ ಬಗ್ಗೆ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು. ಗಿಡದಲ್ಲಿ ಏನಿದೆ, ಹೊಟ್ಟೆಗೆ ಹೋದ ಮೇಲೆ ಅದು ಏನಾಗುತ್ತದೆ ಅನ್ನೋದನ್ನು ನಾನು ಹೇಳಬಲ್ಲೆ. ಈ ಎರಡನೆಯದನ್ನು ಯಾರೂ ಕೇಳುವುದೇ ಇಲ್ಲ ಅನ್ನೋದು ನನ್ನ ಬೇಸರ.

ಮೊದಲು ಸೋಂಕು ಹೇಗಾಗುತ್ತದೆ ನೋಡೋಣ. ಹತ್ತರಲ್ಲಿ ಏಳೆಂಟು ಸಲ ಕಾರಣ ಇ-ಕೋಲಿ ಅನ್ನುವ ಬ್ಯಾಕ್ಟೀರಿಯಾ. ನಮ್ಮ ಕರುಳಿನಲ್ಲೇ ಇರುವಂಥದ್ದು. ಹೆಂಗಸರ ಮೂತ್ರನಾಳ ಬರೀ 4 ಸೆಂ.ಮೀ. ಆಸುಪಾಸು ಉದ್ದ ಇರುವುದರಿಂದ ಅದು ಸುಲಭವಾಗಿ ಮೇಲಕ್ಕೆ, ಮೂತ್ರಕೋಶಕ್ಕೆ ಹತ್ತುತ್ತದೆ. ಹತ್ತಿದರೂ ಮೂತ್ರ ಹರಿಯುವಾಗ ಕೊಚ್ಚಿಕೊಂಡು ಹೋಗಬೇಕಲ್ವಾ? ಹೋಗುವುದಿಲ್ಲ, ಯಾಕೆಂದರೆ ಅದರ ಮೈತುಂಬ ಕೂದಲಿನಂಥ ಎಳೆಗಳಿವೆ. ಅವಕ್ಕೆ ಫಿಂಬ್ರಿಯಾ ಅಂತ ಹೆಸರು. ಹೊಲದ ಬದಿಯಲ್ಲಿ ನಡೆದಾಗ ಉತ್ತರಾಣಿ ಕಾಯಿ ಸೀರೆಗೆ ಕಚ್ಚಿಕೊಳ್ಳುವ ಹಾಗೆ ಈ ಎಳೆಗಳ ತುದಿ ಮೂತ್ರಕೋಶದ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಒಂದು ಜಾತಿಯ ಎಳೆ ಆ ಗೋಡೆಯ ಮೇಲಿರುವ ಮ್ಯಾನೋಸ್ ಅನ್ನುವ ಸಕ್ಕರೆಯನ್ನು ಹಿಡಿಯುತ್ತದೆ. ಇನ್ನೊಂದು ಜಾತಿಯದು, ಪಿ-ಫಿಂಬ್ರಿಯಾ ಅನ್ನುವುದು, ಕಿಡ್ನಿಯ ಜೀವಕೋಶಗಳನ್ನು ಹಿಡಿಯುತ್ತದೆ. ಕಿಡ್ನಿಗೆ ಏರುವ ಸೋಂಕಿನಲ್ಲಿ ಈ ಎರಡನೆಯದರ ಪಾತ್ರ ದೊಡ್ಡದು.

ಹಾಗಾಗಿ ಯಾವುದೇ ಗಿಡದ ಅಂಶ ಇಲ್ಲಿ ಕೆಲಸ ಮಾಡಬೇಕಾದರೆ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು, ಇಲ್ಲವೇ ಅದು ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಬೇಕು. ಯಾವುದನ್ನೇ ಮಾಡಲಿ, ಮೂತ್ರದ ದಾರಿಯಲ್ಲಿ ಮಾಡಬೇಕು. ಬಾಯಿಂದ ಒಳಗೆ ಹೋದದ್ದು ಹೊಟ್ಟೆಯ ಆಮ್ಲ ದಾಟಿ, ಕರುಳಿನಿಂದ ರಕ್ತಕ್ಕೆ ಸೇರಿ, ಲಿವರ್‌ನ ಕೈಯಿಂದ ಪಾರಾಗಿ, ಕಿಡ್ನಿ ಮೂಲಕ ಮೂತ್ರಕ್ಕೆ ಇಳಿಯಬೇಕು. ಇಳಿದ ಮೇಲೂ ಅದರ ಶಕ್ತಿ ಉಳಿದಿರಬೇಕು, ಸಾಕಷ್ಟು ಪ್ರಮಾಣದಲ್ಲೂ ಇರಬೇಕು.

ಬಹಳಷ್ಟು ಗಿಡಗಳು ಸೋಲುವುದು ಈ ದಾರಿಯಲ್ಲೇ. ಅರಿಶಿನದ ಕರ್ಕ್ಯುಮಿನ್ ಲ್ಯಾಬ್‌ನ ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯುತ್ತದೆ. ಆದರೆ ತಿಂದಾಗ ಕರುಳು ಅದನ್ನು ಹೀರಿಕೊಳ್ಳುವುದೇ ಕಡಿಮೆ, ಹೀರಿದ ಸ್ವಲ್ಪವನ್ನೂ ಲಿವರ್ ಬೇಗ ಬದಲಿಸಿಬಿಡುತ್ತದೆ. ಬೆಳ್ಳುಳ್ಳಿಯ ಆಲಿಸಿನ್ ರಕ್ತ ಸೇರುವಷ್ಟರಲ್ಲಿ ಬೇರೆಯದೇ ಆಗಿರುತ್ತದೆ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲಿ ಬರ್ಬೆರಿನ್ ಅನ್ನುವ ಹಳದಿ ವಸ್ತು ಇದೆ. ಅದು ಇ-ಕೋಲಿಯ ಪಿ-ಫಿಂಬ್ರಿಯಾ ಬೆಳೆಯದ ಹಾಗೆ ಮಾಡುತ್ತದೆ ಅಂತ 1988ರಲ್ಲೇ ಲ್ಯಾಬ್‌ನಲ್ಲಿ ಕಂಡಿದ್ದರು. ಕೇಳಿದರೆ ಖುಷಿಯಾಗುತ್ತದೆ. ಆದರೆ ಬಾಯಿಂದ ತಗೊಂಡ ಬರ್ಬೆರಿನ್‌ನಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಅದು ಭೇದಿಗೆ ಒಳ್ಳೆಯದು ಅನ್ನಿಸಿಕೊಂಡಿರುವುದಕ್ಕೂ ಇದೇ ಒಂದು ಕಾರಣ: ಕರುಳಿನಲ್ಲೇ ಉಳಿದುಬಿಡುತ್ತದೆ. ಬಸುರಿಯರು ಬರ್ಬೆರಿನ್ ಮುಟ್ಟಲೇಬಾರದು, ಹುಟ್ಟುವ ಮಗುವಿಗೆ ಕಾಮಾಲೆ ಜಾಸ್ತಿಯಾಗುವ ಅಪಾಯ ಇದೆ. ಮರದರಿಶಿನ ಅಳಿವಿನಂಚಿನಲ್ಲಿರುವ ಬಳ್ಳಿ ಕೂಡ. ಖಚಿತ ಉಪಯೋಗ ಇಲ್ಲದ ಕಡೆ ಅದನ್ನು ಕಡಿದು ತರುವುದು ನನಗೆ ಸರಿ ಕಾಣುವುದಿಲ್ಲ.

ಈಗ ಕ್ರ್ಯಾನ್‌ಬೆರಿ. ಉತ್ತರ ಅಮೆರಿಕದ ಜವುಗು ನೆಲದಲ್ಲಿ ಬೆಳೆಯುವ ಹುಳಿ ಹಣ್ಣು ಇದು. ಅಲ್ಲಿಯ ಮೂಲನಿವಾಸಿಗಳು ಮದ್ದಾಗಿ ಬಳಸುತ್ತಿದ್ದರು. ಇದರಿಂದ ಮೂತ್ರ ಹುಳಿಯಾಗುತ್ತದೆ, ಆ ಹುಳಿಗೆ ಬ್ಯಾಕ್ಟೀರಿಯಾ ಸಾಯುತ್ತದೆ ಅಂತ ಹೋದ ಶತಮಾನದಲ್ಲಿ ಬಹಳ ವರ್ಷ ನಂಬಿದ್ದರು. ಅಳೆದು ನೋಡಿದಾಗ ಮೂತ್ರ ಅಷ್ಟೇನೂ ಹುಳಿಯಾಗುವುದಿಲ್ಲ ಅಂತ ಗೊತ್ತಾಯಿತು. 1984ರಲ್ಲಿ ಹೊಸ ದಾರಿ ಸಿಕ್ಕಿತು: ಕ್ರ್ಯಾನ್‌ಬೆರಿ ರಸ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಜೀವಕೋಶಕ್ಕೆ ಕಚ್ಚಿಕೊಳ್ಳದ ಹಾಗೆ ತಡೆಯುತ್ತದೆ. 1998ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ತಂಡ ಆ ಕೆಲಸ ಮಾಡುವ ಅಂಶವನ್ನು ಗುರುತಿಸಿತು. ಅದೇ ಪ್ರೋಆಂಥೋಸಯನಿಡಿನ್. ಡಬ್ಬಿಯ ಮೇಲೆ ಪಿಎಸಿ ಅಂತ ಚಿಕ್ಕದಾಗಿ ಬರೆದಿರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ದ್ರಾಕ್ಷಿ, ಸೇಬು, ಗ್ರೀನ್ ಟೀ, ಚಾಕೊಲೇಟ್ ಎಲ್ಲದರಲ್ಲೂ ಪ್ರೋಆಂಥೋಸಯನಿಡಿನ್ ಇದೆ. ಆದರೆ ಅವುಗಳಲ್ಲಿ ಅಣುಗಳು ಒಂದಕ್ಕೊಂದು ಒಂದೇ ಕೊಂಡಿಯಲ್ಲಿ ಸೇರಿರುತ್ತವೆ. ಅದು ಬಿ ಮಾದರಿ. ಕ್ರ್ಯಾನ್‌ಬೆರಿಯಲ್ಲಿ ಇನ್ನೊಂದು ಕೊಂಡಿ ಹೆಚ್ಚಿಗೆ ಇರುತ್ತದೆ. ಅದು ಎ ಮಾದರಿ. ಎರಡೂ ಬಗೆಯವನ್ನು ಜನರಿಗೆ ಕೊಟ್ಟು ಅವರ ಮೂತ್ರವನ್ನು ಪರೀಕ್ಷಿಸಿದರು. ಕ್ರ್ಯಾನ್‌ಬೆರಿ ಕುಡಿದವರ ಮೂತ್ರದಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಚ್ಚಿಕೊಳ್ಳಲು ತಡವರಿಸಿತು. ಬರೀ ಒಂದು ಕೊಂಡಿಯ ವ್ಯತ್ಯಾಸ! ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಇದು ಹೊಸದಾಗಿಯೇ ಕಾಣುತ್ತದೆ. ಈ ದೊಡ್ಡ ಅಣುಗಳು ಇಡಿಯಾಗಿ ರಕ್ತ ಸೇರುವುದು ತುಂಬ ಕಡಿಮೆ. ಕರುಳಿನ ಸೂಕ್ಷ್ಮಜೀವಿಗಳು ಅವನ್ನು ಒಡೆದು ಮಾಡುವ ಸಣ್ಣ ತುಣುಕುಗಳೇ ಮೂತ್ರಕ್ಕೆ ಹೋಗುತ್ತವೆ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದಿರಲು ಇದೂ ಕಾರಣ ಇರಬಹುದು.

ಪುರಾವೆಯ ಮಾತಿಗೆ ಬಂದರೆ, ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಇದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ ಅಂದಿತ್ತು. ಆಮೇಲೆ ಹೊಸ ಅಧ್ಯಯನಗಳು ಸೇರಿದವು. 2023ರಲ್ಲಿ 50 ಅಧ್ಯಯನ, 8,857 ಜನರ ಲೆಕ್ಕ ಹಿಡಿದು ಅದೇ ಸಂಸ್ಥೆ ತೀರ್ಮಾನ ಬದಲಿಸಿತು. ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಮತ್ತೆ ಸೋಂಕಾಗುವ ಅಪಾಯ ಸುಮಾರು 26% ಕಡಿಮೆ, ಮಕ್ಕಳಲ್ಲಿ 54% ಕಡಿಮೆ. ಬಸುರಿಯರಲ್ಲಿ, ವೃದ್ಧಾಶ್ರಮಗಳಲ್ಲಿರುವ ವಯಸ್ಸಾದವರಲ್ಲಿ, ಮೂತ್ರಕೋಶ ಪೂರ್ತಿ ಖಾಲಿಯಾಗದ ತೊಂದರೆ ಇರುವವರಲ್ಲಿ ಲಾಭ ಕಾಣಲಿಲ್ಲ. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಪದೇ ಪದೇ ಬರುವ ಸೋಂಕು ಅನ್ನುತ್ತಾರೆ. ನೀವು ಆ ಲೆಕ್ಕಕ್ಕೆ ಸೇರುತ್ತೀರಿ, ಹಾಗಾಗಿ ನಿಮ್ಮಂಥವರಿಗೆ ಇದು ಪ್ರಯತ್ನಿಸಲು ಯೋಗ್ಯ. ಆದರೆ ಇದು ತಡೆಯಲು ಮಾತ್ರ. ಒಮ್ಮೆ ಕಚ್ಚಿಕೊಂಡು ಸಂಖ್ಯೆ ಬೆಳೆಸಿಕೊಂಡ ಬ್ಯಾಕ್ಟೀರಿಯಾವನ್ನು ಕ್ರ್ಯಾನ್‌ಬೆರಿ ಕಿತ್ತು ಹಾಕುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಕೊಳ್ಳುವಾಗ ದಿನಕ್ಕೆ 36 ಮಿಲಿಗ್ರಾಂ ಪಿಎಸಿ ಸಿಗುತ್ತದಾ ನೋಡಿ. ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿರುವ ಪ್ರಮಾಣ ಅದು. "ಕ್ರ್ಯಾನ್‌ಬೆರಿ ಎಕ್ಸ್‌ಟ್ರಾಕ್ಟ್ 500 ಮಿ.ಗ್ರಾಂ" ಅಂತ ಮಾತ್ರ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಸೂಪರ್ ಮಾರ್ಕೆಟ್‌ನ ಕ್ರ್ಯಾನ್‌ಬೆರಿ ಜ್ಯೂಸ್‌ನಲ್ಲಿ ಸಕ್ಕರೆಯೇ ಜಾಸ್ತಿ, ಅದು ಬೇಡ. ದ್ರಾಕ್ಷಿ ಬೀಜದ, ಶೇಂಗಾ ಸಿಪ್ಪೆಯ ಸಾರ ಬೆರೆಸಿ ಕ್ರ್ಯಾನ್‌ಬೆರಿ ಅಂತ ಮಾರಿದ್ದೂ ಹೊರದೇಶಗಳಲ್ಲಿ ಸಿಕ್ಕಿಬಿದ್ದಿದೆ. ಶೇಂಗಾ ಸಿಪ್ಪೆಯಲ್ಲೂ ಎ ಮಾದರಿಯ ಪ್ರೋಆಂಥೋಸಯನಿಡಿನ್ ಇರುವುದರಿಂದ ಸುಮ್ನೆ ಬಣ್ಣದ ಪರೀಕ್ಷೆ ಮಾಡಿದರೆ ಮೋಸ ಗೊತ್ತಾಗುವುದಿಲ್ಲ. ಶೇಂಗಾ ಅಲರ್ಜಿ ಇರುವವರಿಗೆ ಇದು ಅಪಾಯ. ಇನ್ನು ನಮ್ಮ ಕವಳಿ ಹಣ್ಣನ್ನು ಕೆಲವರು ಭಾರತದ ಕ್ರ್ಯಾನ್‌ಬೆರಿ ಅಂತ ಮಾರುತ್ತಾರೆ. ಎರಡೂ ಹುಳಿ, ಎರಡೂ ಕೆಂಪು ಅಷ್ಟೇ. ಗಿಡದ ಕುಟುಂಬವೇ ಬೇರೆ. ಉಪ್ಪಿನಕಾಯಿಗೆ ಕವಳಿ ಬಹಳ ರುಚಿ, ಮೂತ್ರದ ಸೋಂಕಿಗೆ ಅದರ ಮೇಲೆ ಭಾರ ಹಾಕಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಗೊಳ್ಳುವವರು, ಕಿಡ್ನಿ ಕಲ್ಲು ಆಗಿದ್ದವರು ಕ್ರ್ಯಾನ್‌ಬೆರಿ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಬೇಕು.

ನಿಮ್ಮ ಪುಡಿಯಲ್ಲಿರುವ ಡಿ-ಮ್ಯಾನೋಸ್ ಒಂದು ಸಕ್ಕರೆ. ಗೋಡೆಯ ಮ್ಯಾನೋಸ್ ಬದಲು ಮೂತ್ರದಲ್ಲಿ ತೇಲುವ ಮ್ಯಾನೋಸನ್ನೇ ಬ್ಯಾಕ್ಟೀರಿಯಾ ಹಿಡಿದುಕೊಂಡು ಹೊರಹೋಗಲಿ ಅನ್ನುವ ಯೋಚನೆ. ಕೇಳಲು ತುಂಬ ಸೊಗಸಾಗಿದೆ. ಬ್ರಿಟನ್‌ನಲ್ಲಿ 598 ಹೆಂಗಸರನ್ನು ಎರಡು ಗುಂಪು ಮಾಡಿ, ಆರು ತಿಂಗಳು ಒಂದು ಗುಂಪಿಗೆ ದಿನಕ್ಕೆ 2 ಗ್ರಾಂ ಮ್ಯಾನೋಸ್, ಇನ್ನೊಂದಕ್ಕೆ ಬೇರೆ ಸಕ್ಕರೆ ಕೊಟ್ಟು ನೋಡಿದರು. 2024ರಲ್ಲಿ ಫಲಿತಾಂಶ ಬಂತು. ಮ್ಯಾನೋಸ್ ತಗೊಂಡವರಲ್ಲಿ 51%, ಬೇರೆ ಸಕ್ಕರೆ ತಗೊಂಡವರಲ್ಲಿ 55.7% ಜನ ಮತ್ತೆ ಸೋಂಕಿನಿಂದ ಡಾಕ್ಟರ್ ಬಳಿ ಹೋದರು. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಅಲ್ಲ. ನಾನಾಗಿದ್ದರೆ ಇದಕ್ಕೆ ದುಡ್ಡು ಹಾಕುವುದಿಲ್ಲ.

ಆನ್‌ಲೈನ್‌ನಲ್ಲಿ ಯುವಾ ಅರ್ಸಿ ಅಂತ ಒಂದು ಸಿಗುತ್ತದೆ, ಬೇರ್‌ಬೆರಿ ಗಿಡದ ಎಲೆ. ಅದರ ಆರ್ಬ್ಯುಟಿನ್ ಅನ್ನುವ ವಸ್ತು ದೇಹದಲ್ಲಿ, ಬ್ಯಾಕ್ಟೀರಿಯಾ ತಡೆಯಬಲ್ಲ ಹೈಡ್ರೋಕ್ವಿನೋನ್ ಆಗಿ ಮೂತ್ರಕ್ಕೆ ಬರುತ್ತದೆ. ಮೂತ್ರದವರೆಗೆ ನಿಜವಾಗಿ ತಲುಪುವ ಕೆಲವೇ ಸಸ್ಯ ವಸ್ತುಗಳಲ್ಲಿ ಇದೂ ಒಂದು. ಆದರೂ ಜರ್ಮನಿಯಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಂಟಿಬಯಾಟಿಕ್ ಬದಲು ಇದನ್ನು ಕೊಟ್ಟಾಗ ತೊಂದರೆ ಜಾಸ್ತಿ ದಿನ ಉಳಿಯಿತು, ಕಿಡ್ನಿಗೆ ಸೋಂಕು ಏರಿದ್ದೂ ಆ ಗುಂಪಿನಲ್ಲೇ ಹೆಚ್ಚು ಕಂಡಿತು. ಯೂರೋಪಿನ ಔಷಧ ನಿಯಂತ್ರಕರು ಇದನ್ನು ಒಂದು ವಾರಕ್ಕಿಂತ ಹೆಚ್ಚು ಬಳಸಬೇಡಿ ಅನ್ನುತ್ತಾರೆ. ಬಸುರಿಯರಿಗೆ, ಹಾಲುಣಿಸುವವರಿಗೆ ಬೇಡವೇ ಬೇಡ.

ಸಾಸಿವೆಯ ಕಥೆ ನನಗೆ ಹೆಚ್ಚು ಇಷ್ಟ. ಹಸಿ ಸಾಸಿವೆ ರುಬ್ಬಿದಾಗ ಮೂಗಿಗೆ ಹೊಡೆಯುವ ಖಾರ ಇದೆಯಲ್ಲ, ಅದು ಐಸೋಥಯೋಸಯನೇಟ್. ತಿಂದ ಮೇಲೆ ಅದರ ಅಂಶ ಹೊರಹೋಗುವುದು ಹೆಚ್ಚಾಗಿ ಮೂತ್ರದ ಮೂಲಕವೇ. ಜರ್ಮನಿಯಲ್ಲಿ ಇದೇ ಬಗೆಯ ಖಾರ ಇರುವ ನಸ್ಟರ್ಶಿಯಂ ಸೊಪ್ಪು ಮತ್ತು ಹಾರ್ಸ್‌ರಾಡಿಶ್ ಗೆಡ್ಡೆಯ ಮಾತ್ರೆಗಳನ್ನು ಸೋಂಕು ಮರುಕಳಿಸದಿರಲು ಕೊಡುತ್ತಾರೆ. ಸ್ವಲ್ಪ ಲಾಭ ಕಂಡ ಅಧ್ಯಯನವೂ ಇದೆ. ಹಾಗಂತ ನಮ್ಮ ಒಗ್ಗರಣೆ ಸಾಸಿವೆ ಆ ಕೆಲಸ ಮಾಡುವುದಿಲ್ಲ. ಈ ಖಾರ ಹುಟ್ಟಲು ಸಾಸಿವೆಯೊಳಗಿನ ಒಂದು ಕಿಣ್ವ ಬೇಕು, ಕಾದ ಎಣ್ಣೆಗೆ ಬಿದ್ದರೆ ಅದು ಸಾಯುತ್ತದೆ. ಮಲೆನಾಡಿನ ಕಡೆ ಹಸಿ ಸಾಸಿವೆ ಅರೆದು ಮೊಸರಿಗೆ ಹಾಕಿ ಮಾಡುತ್ತಾರಲ್ಲ, ಅದರಲ್ಲಿ ಖಾರ ಉಳಿದಿರುತ್ತದೆ. ಅದನ್ನೂ ಊಟವಾಗಿ ತಿನ್ನಿ, ಔಷಧಿ ಅಂದುಕೊಳ್ಳಬೇಡಿ.

ಇನ್ನು ಅತ್ತೆಯವರ ಮದ್ದುಗಳು. ಬಾರ್ಲಿಯಲ್ಲಿ ಮುಖ್ಯವಾದದ್ದು ಬೀಟಾ-ಗ್ಲುಕಾನ್ ಅನ್ನುವ ನಾರು. ಅದು ಕರುಳಿನಿಂದ ಆಚೆ ಹೋಗುವುದೇ ಇಲ್ಲ. ಕೊತ್ತಂಬರಿ ಬೀಜದ ಪರಿಮಳ ಲಿನಲೂಲ್‌ನದು. ಮುಚ್ಚಳ ಮುಚ್ಚದೆ ಕುದಿಸಿದರೆ ಅದು ಹಬೆಯ ಜೊತೆ ಹೋಗುತ್ತದೆ, ಉಳಿದದ್ದನ್ನು ಲಿವರ್ ಬದಲಿಸುತ್ತದೆ. ನೆಗ್ಗಿಲು ಮುಳ್ಳಿನಲ್ಲಿ ಸಪೋನಿನ್ ಅನ್ನುವ ನೊರೆ ಬರಿಸುವ ವಸ್ತುಗಳಿವೆ, ಪೊಟ್ಯಾಸಿಯಂ ಲವಣ ಇದೆ. ಮೂತ್ರ ಜಾಸ್ತಿ ಮಾಡುವ ಗುಣ ಇಲಿಗಳಲ್ಲಿ ಕಂಡಿದೆ. ಸೋಂಕು ಗುಣವಾಗುತ್ತದೆ ಅಂತ ಗಟ್ಟಿಯಾಗಿ ಹೇಳುವಂಥ ಅಧ್ಯಯನ ಮನುಷ್ಯರಲ್ಲಿ ಆಗಿಲ್ಲ. ಒಂದೇ ಗಿಡವಾದರೂ ಊರಿನಿಂದ ಊರಿಗೆ ಅದರ ರಸಾಯನ ಬೇರೆ. ಪ್ರೋಟೋಡಯೋಸಿನ್ ಅನ್ನುವ ಸಪೋನಿನ್ ಬಲ್ಗೇರಿಯಾ, ಟರ್ಕಿ ಕಡೆಯ ನೆಗ್ಗಿಲಿನಲ್ಲಿ ಜಾಸ್ತಿ, ಭಾರತದ ಮಾದರಿಗಳಲ್ಲಿ ತುಂಬ ಕಡಿಮೆ. ಹೊರದೇಶದ ಅಧ್ಯಯನ ತೋರಿಸಿ ಗ್ರಂಥಿಗೆ ಅಂಗಡಿಯ ಪೊಟ್ಟಣ ಮಾರುವುದು ಅದಕ್ಕೇ ಸರಿಯಲ್ಲ.

ಶ್ರೀಗಂಧವನ್ನೂ ಇಲ್ಲಿ ನೆನೆಯಬೇಕು. ಗಂಧದ ಎಣ್ಣೆಯ ಸ್ಯಾಂಟಲಾಲ್ ಒಂದು ಕಾಲಕ್ಕೆ ಯೂರೋಪಿನಲ್ಲಿ ಮೂತ್ರನಾಳದ ಸೋಂಕಿಗೆ, ಅದರಲ್ಲೂ ಗೊನೋರಿಯಾಕ್ಕೆ, ಕ್ಯಾಪ್ಸೂಲ್ ರೂಪದಲ್ಲಿ ಮಾರಾಟವಾಗುತ್ತಿತ್ತು. ಆಂಟಿಬಯಾಟಿಕ್ ಬಂದ ಮೇಲೆ ಅದು ಮೂಲೆಗೆ ಸರಿಯಿತು. ಎಣ್ಣೆಯನ್ನು ಹೊಟ್ಟೆಗೆ ತಗೊಂಡರೆ ಕಿಡ್ನಿಗೆ ತೊಂದರೆಯಾಗಬಹುದು. ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಹಾಗಾದರೆ ಬಾರ್ಲಿ ನೀರು ಕುಡಿದು ಎಷ್ಟೋ ಜನರಿಗೆ ವಾಸಿಯಾಗಿದ್ದು ಸುಳ್ಳಾ? ಅಲ್ಲ. ಎಲ್ಲ ಉರಿಯೂ ಸೋಂಕಲ್ಲ. ಬಿಸಿಲಲ್ಲಿ ಓಡಾಡಿ ನೀರು ಕುಡಿಯದಿದ್ದರೆ ಮೂತ್ರ ಗಾಢವಾಗಿ ಉರಿಯುತ್ತದೆ. ಅದನ್ನೇ ಉಷ್ಣ ಆಗಿದೆ ಅಂತೀವಿ. ಎರಡು ಚೊಂಬು ಬಾರ್ಲಿ ನೀರು ಹೋದರೆ ಸಂಜೆಗೆ ಸರಿ. ಇನ್ನು ನಿಜವಾದ ಸೋಂಕೂ ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಜರ್ಮನಿಯಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಬರೀ ಐಬುಪ್ರೊಫೆನ್ ನೋವಿನ ಮಾತ್ರೆ ಕೊಟ್ಟಿದ್ದರು. ಮೂರರಲ್ಲಿ ಎರಡು ಪಾಲು ಹೆಂಗಸರು ಆಂಟಿಬಯಾಟಿಕ್ ಇಲ್ಲದೆಯೇ ಚೇತರಿಸಿಕೊಂಡರು. ಆ ದಿನಗಳಲ್ಲಿ ಯಾವ ಕಷಾಯ ಕುಡಿದಿದ್ದರೂ ಹೆಸರು ಕಷಾಯಕ್ಕೇ ಬರುತ್ತಿತ್ತು, ಅಲ್ವಾ? ಆದರೆ ಆ ಗುಂಪಿನವರಿಗೆ ಉರಿ, ನೋವು ಜಾಸ್ತಿ ಇತ್ತು. ಕೆಲವರಿಗೆ ಕಿಡ್ನಿಗೂ ಏರಿತು. ಯಾರಿಗೆ ಇಳಿಯುತ್ತದೆ, ಯಾರಿಗೆ ಏರುತ್ತದೆ ಅಂತ ಮುಂಚೆ ಹೇಳಲು ಬರುವುದಿಲ್ಲ. ನನ್ನ ಹೆದರಿಕೆ ಇರುವುದು ಅಲ್ಲಿ.

ನೀರಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ಕುಡಿಯುವ, ಪದೇ ಪದೇ ಸೋಂಕಾಗುವ 140 ಹೆಂಗಸರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಬಂತು. ಅರ್ಧ ಜನಕ್ಕೆ ದಿನವೂ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ಅವರಿಗೆ ವರ್ಷಕ್ಕೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ಕ್ರ್ಯಾನ್‌ಬೆರಿಯಿಂದ ಹೆಂಗಸರಲ್ಲಿ ಕಂಡ ಆ 26%ಕ್ಕಿಂತ ಇದು ದೊಡ್ಡ ಇಳಿಕೆ. ನೀವು ಟೀಚರ್ ಅಂದಿರಿ, ಅದಕ್ಕೇ ಕೇಳುತ್ತೇನೆ: ಬೆಳಿಗ್ಗೆಯಿಂದ ಸಂಜೆವರೆಗೆ ಶಾಲೆಯಲ್ಲಿ ಎಷ್ಟು ನೀರು ಕುಡಿಯುತ್ತೀರಿ? ಶೌಚಾಲಯ ಚೆನ್ನಾಗಿಲ್ಲ, ಪೀರಿಯಡ್ ಮಧ್ಯೆ ಬಿಡುವಿಲ್ಲ ಅಂತ ನೀರನ್ನೇ ಕುಡಿಯದ ಎಷ್ಟೋ ಹೆಣ್ಣುಮಕ್ಕಳು ನನಗೆ ಗೊತ್ತು. ಇದು ನಿಮ್ಮೊಬ್ಬರ ತಪ್ಪಲ್ಲ. ನಾಲ್ಕು ಜನ ಶಿಕ್ಷಕಿಯರು ಸೇರಿ ಹೆಡ್‌ಮಾಸ್ಟರ್ ಹತ್ತಿರ ಶೌಚಾಲಯದ ಮಾತು ಎತ್ತಿ. ನೀರು ಬಾರ್ಲಿಯದ್ದೇ ಆಗಲಿ, ಕೊತ್ತಂಬರಿಯದ್ದೇ ಆಗಲಿ, ಅತ್ತೆಯವರು ಕೊಟ್ಟರೆ ಖುಷಿಯಾಗಿ ಕುಡಿಯಿರಿ. ಕಿಡ್ನಿ ಕಾಯಿಲೆ ಇರುವವರು ಮಾತ್ರ ಎಳನೀರು, ನೆಗ್ಗಿಲು, ಇಂಥ ಪೊಟ್ಯಾಸಿಯಂ ಇರುವವನ್ನು ಕೇಳದೆ ಕುಡಿಯಬಾರದು.

ಒಂದು ಗಿಡದ ಬಗ್ಗೆ ಕೈಮುಗಿದು ಹೇಳುತ್ತೇನೆ. ಈಶ್ವರಿ ಬೇರನ್ನು ಯಾವ ಕಷಾಯದಲ್ಲೂ ಹಾಕಬೇಡಿ. ಅದರಲ್ಲಿ ಅರಿಸ್ಟೋಲೋಕಿಕ್ ಆಮ್ಲ ಇದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮದ್ದಿನಲ್ಲಿ ಇದೇ ಕುಲದ ಗಿಡ ಬೆರೆತು ಹೋಗಿ, ಅನೇಕ ಹೆಂಗಸರ ಕಿಡ್ನಿ ಹಾಳಾಯಿತು. ಮುಂದೆ ಕೆಲವರಿಗೆ ಮೂತ್ರದ ದಾರಿಯ ಕ್ಯಾನ್ಸರ್ ಕೂಡ ಬಂತು. ಊರಿನ ಯಾರೋ ಕೊಟ್ಟ ಹೆಸರಿಲ್ಲದ ಬೇರಿನ ಪುಡಿ ಬೇಡ ಅನ್ನುವುದು ಇದಕ್ಕೇ.

ಮುಂದಿನ ಸಲ ಉರಿ ಶುರುವಾದರೆ, ಆಂಟಿಬಯಾಟಿಕ್ ನುಂಗುವ ಮುಂಚೆ ಯೂರಿನ್ ಕಲ್ಚರ್‌ಗೆ ಕೊಡಿ. ಮೊದಲ ಸ್ವಲ್ಪ ಬಿಟ್ಟು ಮಧ್ಯದ ಮೂತ್ರ ಹಿಡಿಯಬೇಕು. ರಿಪೋರ್ಟ್‌ಗೆ ಒಂದೆರಡು ದಿನ ಹಿಡಿಯುತ್ತದೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಅದರಲ್ಲೇ ಇರುತ್ತದೆ. ಹೋದ ಸಲದ ಚೀಟಿ ತೋರಿಸಿ ಅದೇ ಮಾತ್ರೆ ತರುವುದನ್ನು ನಿಲ್ಲಿಸಿ, ನಮ್ಮ ದೇಶದಲ್ಲಿ ಇ-ಕೋಲಿ ಹಲವು ಆಂಟಿಬಯಾಟಿಕ್‌ಗಳಿಗೆ ಈಗಾಗಲೇ ಬಗ್ಗುತ್ತಿಲ್ಲ. ಡಾಕ್ಟರ್ ನೈಟ್ರೋಫುರಾಂಟಾಯಿನ್ ಅನ್ನುವ ಆಂಟಿಬಯಾಟಿಕ್ ಬರೆದಿದ್ದರೆ, ಉರಿ ಕಡಿಮೆ ಮಾಡುವ ಆಲ್ಕಲೈಸರ್ ಸಿರಪ್ಪನ್ನು ನೀವಾಗಿಯೇ ಜೊತೆಗೆ ಸೇರಿಸಬೇಡಿ. ಆ ಮಾತ್ರೆ ಹುಳಿ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಸಿರಪ್ ಆ ಹುಳಿಯನ್ನು ತಗ್ಗಿಸಿ ಮಾತ್ರೆಯನ್ನು ಮೊಂಡಾಗಿಸುತ್ತದೆ. ಚಳಿಜ್ವರ, ಪಕ್ಕೆ ಅಥವಾ ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಸುರಿಯರು, ಶುಗರ್ ಇರುವವರು, ಮಕ್ಕಳು, ಗಂಡಸರು ಇಷ್ಟಕ್ಕೂ ಕಾಯಬಾರದು.

ಕ್ರ್ಯಾನ್‌ಬೆರಿ ಶುರು ಮಾಡುವುದಾದರೆ ಆರು ತಿಂಗಳು ತಪ್ಪದೆ ತಗೊಂಡು ನೋಡಿ, ಜೊತೆಗೆ ನೀರು. ಆ ಆರು ತಿಂಗಳಲ್ಲಿ ಮತ್ತೆ ಎರಡು ಸಲ ಸೋಂಕಾದರೆ ಕ್ರ್ಯಾನ್‌ಬೆರಿ ನಿಮಗೆ ಹಿಡಿಸಲಿಲ್ಲ ಅಂತ ಬಿಟ್ಟುಬಿಡಿ. ಶುಗರ್ ಟೆಸ್ಟ್ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಹೋಗುವಾಗ ಈ ವರ್ಷದ ಎಲ್ಲ ರಿಪೋರ್ಟ್‌ಗಳನ್ನೂ, ಮನೆಯಲ್ಲಿ ಕುಡಿಯುತ್ತಿರುವ ಕಷಾಯದ ಪೊಟ್ಟಣವನ್ನೂ ತಗೊಂಡು ಹೋಗಿ.